ಕೆನಡಾದ ಮಿಷಿನ್ನಿನ ಜಾಲರಿ

ಅಂತರಸನಹಳ್ಳಿಯ ಪ್ಲೈವುಡ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಗೋಡೆಗೆ ಪರದೆಯ ಹಾಗೆ ಬಿಳಿ ಪಂಚೆ ಕಟ್ಟಿ ಸ್ಲೈಡ್ ತೋರಿಸುತ್ತಿದ್ದರು. ೧೯೮೪ನೇ ಇಸವಿ. ಕಂಪನಿಗೆ ಐವತ್ತು ವರ್ಷ ತುಂಬಿದ ಸಂಭ್ರಮ. ಕೆನಡಾ, ಫಿನ್‌ಲೆಂಡ್, ಬ್ರೆಜಿಲ್, ಮಲೇಶಿಯಾ, ಎಲ್ಲೆಲ್ಲಿ ಕಾಡಿದೆಯೋ ಅಲ್ಲೆಲ್ಲ ನಮ್ಮ ಮಿಲ್ಲಿದೆ ಎಂದು ಪರ್ಸನೆಲ್ ಆಫೀಸರ್ ಅನಂತರಾಮಯ್ಯ ಹೆಮ್ಮೆಯಿಂದ ವಿವರಿಸುತ್ತಿದ್ದರು.

ಮರದ ಹಾಳೆ ಒಣಗಿಸುವ ಕೆಲಸದ ರಂಗಲಕ್ಷ್ಮಮ್ಮ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಗೋಡೆಗೆ ಒರಗಿ ನಿಂತವನು ಅವಳ ಗಂಡ ಬೆಟ್ಟಯ್ಯ. ಹಿಂದಿನ ವರ್ಷ ಹಾಳೆ ಕತ್ತರಿಸುವ ಮಿಷಿನ್ನಿಗೆ ಸಿಕ್ಕಿ ಅವನ ಬಲಗೈ ಬೆರಳುಗಳು ಹೋಗಿದ್ದವು. ತಪ್ಪೆಲ್ಲ ಅವನದೇ ಎಂದ ಕಂಪನಿ ಅವನನ್ನು ಗೇಟು ಕಾಯಲು ಹಾಕಿತ್ತು. ಗೂಳೂರಿನ ಮನೆಯಲ್ಲಿ ರಂಗಲಕ್ಷ್ಮಮ್ಮನೂ ಬೈದಿದ್ದಳು: "ಗ್ಯಾನ ಎಲ್ಲಿತ್ತು ನಿಂಗೆ?" ತಪ್ಪೆಂದು ಬೆಟ್ಟಯ್ಯನೂ ಒಪ್ಪಿಕೊಂಡಿದ್ದ.

"ಇದು ಕೆನಡಾದ ನಮ್ಮ ಮಿಲ್ಲು," ಎಂದರು ಅನಂತರಾಮಯ್ಯ.

ಪಂಚೆಯ ಮೇಲೆ ಬೆಟ್ಟಯ್ಯನ ಬೆರಳು ತಿಂದಂಥದೇ ಹಸಿರು ಮಿಷಿನ್ನು, ಅದೇ ಪೆಡಲ್ಲು. ಆದರೆ ಬ್ಲೇಡಿನ ಮುಂದೆ ಹಳದಿ ಬಣ್ಣದ ಕಬ್ಬಿಣದ ಜಾಲರಿ. ಕೈ ಒಳಗೆ ಹೋಗಲು ಸಂದೇ ಇಲ್ಲ. ಮುಂದಿನ ಚಿತ್ರ ಫಿನ್‌ಲೆಂಡಿನದು. ಅಲ್ಲೂ ಜಾಲರಿ.

ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ರಂಗಲಕ್ಷ್ಮಮ್ಮ ಎದ್ದು ನಿಂತಿದ್ದಳು.

"ಸಾರ್, ನಮ್ ಮಿಷಿನ್ನಿಗೆ ಆ ಜಾಲರಿ ಯಾಕಿಲ್ಲ?"

"ನಮ್ದಕ್ಕೂ ಬಂದಿತ್ತಮ್ಮ," ಮಾತಿನ ಭರದಲ್ಲಿ ಅನಂತರಾಮಯ್ಯ ಹೇಳಿಬಿಟ್ಟರು. "ಹಾಕಿದ್ರೆ ಕೆಲ್ಸ ನಿಧಾನ ಆಗುತ್ತೆ ಅಂತ ಹಾಗೇ ಸ್ಟೋರಲ್ಲಿ..." ತಟ್ಟನೆ ನಿಲ್ಲಿಸಿದರು.

ಪ್ರೊಜೆಕ್ಟರಿನ ಫ್ಯಾನು ಮಾತ್ರ ಗುಂಯ್‌ಗುಡುತ್ತಿತ್ತು.

"ಸ್ಟೋರಲ್ಲಿ ಐತಾ?" ಎಂದ ಬೆಟ್ಟಯ್ಯ. ಅವನ ದನಿ ಪಕ್ಕದವರಿಗಷ್ಟೇ ಕೇಳಿಸುವಂತಿತ್ತು.

ಪಕ್ಕದಲ್ಲಿದ್ದ ಫಿಟ್ಟರ್ ಪುಟ್ಟರಂಗಯ್ಯ ಮೊದಲು ಸ್ಟೋರಿನ ಕಡೆ ಹೊರಟ. ಉಳಿದವರು ಹಿಂಬಾಲಿಸಿದರು. ತಡೆಯಲು ಬಂದ ಸೂಪರ್‌ವೈಸರ್ ಆ ಮುಖಗಳನ್ನು ನೋಡಿ ಪಕ್ಕಕ್ಕೆ ಸರಿದ. ಖಾಲಿ ಗೋಂದಿನ ಡ್ರಮ್ಮುಗಳ ಹಿಂದೆ ಜಾಲರಿ ಸಿಕ್ಕಿತು. ಸುತ್ತಿದ್ದ ಗ್ರೀಸಿನ ಕಾಗದ ಕೂಡ ಹರಿದಿರಲಿಲ್ಲ.

ಬೆಟ್ಟಯ್ಯ ಎಡಗೈಯಿಂದ ಅದನ್ನು ಮುಟ್ಟಿದ. "ನಂದೇ ತಪ್ಪು ಅಂತಿದ್ನಲ್ಲೇ ನಾನೂ," ಎಂದ ಹೆಂಡತಿಗೆ. ಅಲ್ಲೇ ನೆಲದ ಮೇಲೆ ಕೂತ. ರಂಗಲಕ್ಷ್ಮಮ್ಮ ಪಕ್ಕ ಕೂತು ಅವನ ಮೊಂಡುಗೈಯನ್ನು ಮಡಿಲಿಗೆ ಎಳೆದುಕೊಂಡಳು.

ಜಾಲರಿ ಕೂರಿಸುವವರೆಗೆ ಯಾರೂ ಮಿಷಿನ್ ಮುಟ್ಟಲಿಲ್ಲ. ಪುಟ್ಟರಂಗಯ್ಯ ಅವತ್ತೇ ಅದನ್ನು ಕೂರಿಸಿದ. ಬೆಟ್ಟಯ್ಯನ ವಿಚಾರಣೆ ಮತ್ತೆ ನಡೆಯಿತು. ತಪ್ಪು ಅವನದಲ್ಲ ಎಂದು ಕಂಪನಿ ಒಪ್ಪಿತು. ಅದನ್ನು ಕೇಳಿದ ದಿನ ಅವನು ಊಟ ಮಾಡಲಿಲ್ಲ, "ಸ್ಟೋರಲ್ಲೇ ಇತ್ತಲ್ಲೇ" ಎಂದು ತಟ್ಟೆ ಸರಿಸಿದ.