ಆರ್ಕುಟ್ ಸಂಘದವರು ಮೋಟರು ತಂದದ್ದು

ಒಂದು ಕೊಡ ನೀರಿಗೆ ಒಂದು ಸಾಲು ಕಳೆ. ಇದು ಗುರುಬಸವರಾಜ ಗೌಡರು ಮಾಡಿದ ಕಾಯಿದೆ. ಮೂರು ಕೊಡ ಬೇಕೆಂದರೆ ಅವರ ಈರುಳ್ಳಿ ಹೊಲದಲ್ಲಿ ಮೂರು ಸಾಲು ಕಳೆ ಕೀಳಬೇಕು. ಮಾರೆಮ್ಮನ ಮೊಣಕಾಲುಗಳು ಎರಡನೇ ಸಾಲಿಗೇ ಮುಷ್ಕರ ಹೂಡುತ್ತಿದ್ದವು.

ಹಟ್ಟಿಯ ನಳದಲ್ಲಿ ನೀರು ನಿಂತು ಇಪ್ಪತ್ತೆರಡು ದಿನವಾಗಿತ್ತು. ಊರ ಬಾವಿಯ ಮೋಟರು ರಿಪೇರಿಗೆ ಹೋಗಿದೆ ಎಂದು ಪಂಚಾಯ್ತಿ ಸೆಕ್ರೆಟರಿ ಜಂಬಣ್ಣ ಹೇಳಿ ಕೈತೊಳೆದುಕೊಂಡಿದ್ದ. ಅವನ ಮನೆಯಲ್ಲಿ ತೊಳೆದುಕೊಳ್ಳಲು ನೀರಿತ್ತು.

ಇಪ್ಪತ್ತಮೂರನೇ ದಿನ ಮಾರೆಮ್ಮ ಗೌಡರ ಬಾವಿಯ ಮೋಟರನ್ನು ದಿಟ್ಟಿಸಿ ನೋಡಿದಳು. ಅದರ ನೆತ್ತಿಯ ಮೇಲೆ ಅರಿಶಿನದ ಕೈಗುರುತು. ನಾಲ್ಕೇ ಬೆರಳು. ಹೋದ ಆಯುಧಪೂಜೆಗೆ ಊರ ಬಾವಿಯ ಮೋಟರಿಗೆ ಅವಳೇ ಬಳಿದದ್ದು. ಅವಳ ಕಿರುಬೆರಳನ್ನು ಗೌಡರ ಶೇಂಗಾ ಮಷಿನ್ನು ಎಂದೋ ನುಂಗಿತ್ತು.

“ಲೇ ಭರತ, ನಮ್ಮ ಮೋಟ್ರು ಗೌಡ್ರ ಹೊಲದಾಗ ಐತಿ. ಹೋಗಿ ಹೊತ್ಕಂಡು ಬರೋಣು ನಡಿ,” ಎಂದಳು ತಂಗಿಯ ಮಗನಿಗೆ.

ಭರತ ಪಿಯುಸಿ ನಪಾಸು, ಕೊಟ್ಟೂರಿನ ಬ್ರೌಸಿಂಗ್ ಸೆಂಟರಿನ ಕಾಯಂ ಗಿರಾಕಿ. “ತಡಿ ದೊಡ್ಡವ್ವಾ, ಎರಡು ಸಾವಿರದ ಎಂಟನೇ ಇಸ್ವಿ ಇದು. ಇಂಟರ್ನೆಟ್ಟಿನ ಆರ್ಕುಟ್‌ನಾಗ ಸಂಘ ಕಟ್ತೀನಿ. ಜಗತ್ತೇ ಎದ್ದು ನಿಂದರತೈತಿ.”

ವಾರದೊಳಗೆ ನಲವತ್ತೊಂದು ಮಂದಿ ಸೇರಿದರು. ಭರತ ದೊಡ್ಡವ್ವನನ್ನು ಬಸ್ಸು ಹತ್ತಿಸಿ ಕೊಟ್ಟೂರಿಗೆ ಕರೆದೊಯ್ದು ತೋರಿಸಿದ. ಪರದೆಯ ಮೇಲೆ ಅಂಗಿಯಿಲ್ಲದ ಒಬ್ಬ ಕಾಲ್ಚೆಂಡು ಹಿಡಿದು ಹಲ್ಲು ಕಿರಿದಿದ್ದ.

“ಇವ ಯಾರ ಮಗ?”

“ಬ್ರೆಜಿಲ್ ದೇಶದವ. ನಮ್ಮ ಕಡಿ ಅದಾನ.”

“ಮೈಮ್ಯಾಲೆ ಅಂಗಿ ಇಲ್ಲ, ಪಾಪ. ಕೊಡ ಐತೇನು ಅವನ ಹಂತ್ಯಾಕ?”

“ನೀರು ಹೊರಾಕ ಬರಂಗಿಲ್ಲ ದೊಡ್ಡವ್ವಾ. ಬೆಂಬಲ ಕೊಟ್ಟಾನ.”

“ಬೆಂಬಲ ಎಷ್ಟು ಕೊಡ ಆಗತೈತಿ?”

ಭರತ ಮಾತು ತಿರುಗಿಸಿದ. “ಇಲ್ಲಿ ನೋಡು, ಸೆಕ್ರೆಟ್ರಿ ಜಂಬಣ್ಣಾರೂ ಸೇರ್ಯಾರ! ‘ನಿಮ್ಮ ಹೋರಾಟಕ್ಕೆ ಜಯವಾಗಲಿ’ ಅಂತ ಬರದಾರ.”

ಯಾರ ವಿರುದ್ಧ ಹೋರಾಟವೋ ಅವನೇ ಜಯ ಕೋರಿದ್ದ. ಕುರ್ಚಿಯ ಮಂದಿಯೇ ಹೀಗೆ. ಕೈಯಿಂದ ಕಸಿಯುತ್ತಾರೆ, ಬಾಯಿಂದ ಜಯಕಾರ ಹಾಕುತ್ತಾರೆ. ಮಾರೆಮ್ಮ ಸಿಟ್ಟಾಗಲಿಲ್ಲ. ತುಸು ಯೋಚಿಸಿ ನಕ್ಕಳು.

ಮರುದಿನ ಯಾರೂ ಕಳೆಗೆ ಹೋಗಲಿಲ್ಲ. ಇಪ್ಪತ್ತು ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯ್ತಿಗೆ ನುಗ್ಗಿದರು. ಜಂಬಣ್ಣ ಸರಕಾರದ ಕಂಪ್ಯೂಟರಿನಲ್ಲಿ ತನ್ನ ಕೂಲಿಂಗ್ ಗ್ಲಾಸಿನ ಫೋಟೋ ಏರಿಸುತ್ತಿದ್ದ.

“ಸಾಹೇಬ್ರ, ನೀವು ನಮ್ಮ ಸಂಘದೋರಾ?” ಕೇಳಿದಳು ಮಾರೆಮ್ಮ.

“ಹೌದು ಯಮ್ಮಾ! ಬೇಕಾದ್ರ ಭರತನ್ನ ಕೇಳು.”

“ಮನಸಾರೆ ಸೇರೀರಿ?”

“ತಾಯಾಣಿ!”

“ಹಂಗಾದ್ರ ಏಳ್ರಿ. ಇವತ್ತು ಸಂಘದ ಕೆಲಸ ಐತಿ.”

ಪಕ್ಕದ ಮನೆಯ ಈರಕ್ಕ ಅವನ ತಲೆಗೊಂದು ಸಿಂಬಿ ಇಟ್ಟು, ಮೇಲೆ ಕೊಡ ಕೂರಿಸಿಯೇಬಿಟ್ಟಳು. ಸುತ್ತ ಇಪ್ಪತ್ತು ಹೆಂಗಸರು. ಜಂಬಣ್ಣ ನಡೆಯದೆ ಏನು ಮಾಡಿಯಾನು?

ಹೊಲದಲ್ಲಿ ಗೌಡರು ಕೋಲು ಹಿಡಿದು ಎದುರಾದರು. “ಜಂಬಣ್ಣ! ಏನಲೇ ಇದು ವೇಷ?”

ಜಂಬಣ್ಣ ತಲೆಯ ಮೇಲಿನ ಕೊಡವನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ನಮ್ಮ ಮೆಂಬರ್ರು ರೀ ಗೌಡ್ರ,” ಎಂದಳು ಮಾರೆಮ್ಮ. “ರಿಪೇರಿಗೆ ಹೋದ ಮೋಟ್ರು ಒಯ್ಯಾಕ ಬಂದಾರ.”

“ಅದು ನಂದು!”

ಮಾರೆಮ್ಮ ಮೋಟರಿನ ಅರಿಶಿನದ ಮೇಲೆ ಅಂಗೈ ಊರಿದಳು. ಕೈಯಲ್ಲಿ ಕಿರುಬೆರಳಿನ ಜಾಗ ಖಾಲಿ, ಗುರುತಿನಲ್ಲೂ ಖಾಲಿ. “ಈಗ ನಿಮ್ಮ ಕೈ ಇಡ್ರಿ, ಕೂಡ್ತೈತಾ ನೋಡೋಣು.”

ಗೌಡರು ತಮ್ಮ ಐದೂ ಬೆರಳನ್ನು ಜೇಬಿಗೆ ಸೇರಿಸಿದರು.

ಈರಕ್ಕ ಸೊಂಟದಿಂದ ಸ್ಪ್ಯಾನರ್ ತೆಗೆದು ಬೋಲ್ಟ್ ಬಿಚ್ಚಿದಳು. ಮೋಟರನ್ನು ಹಗ್ಗದಿಂದ ಬೊಂಬಿಗೆ ಕಟ್ಟಿದರು. ಭರತ ಮೊಬೈಲು ಎತ್ತಿದ. “ದೊಡ್ಡವ್ವಾ, ಆರ್ಕುಟ್‌ಗೆ ಒಂದು ಫೋಟೋ...”

“ಒಳಗಿಡಲೇ ಅದನ್ನ. ಬೊಂಬು ಹಿಡಿ.”

ಒಂದು ತುದಿಗೆ ಭರತ, ಇನ್ನೊಂದು ತುದಿಗೆ ಸೆಕ್ರೆಟರಿ ಸಾಹೇಬರು. ಮೋಟರು ಮತ್ತೆ ಊರ ಬಾವಿಗೆ ಕೂತಿತು. ಸಂಜೆಗೆ ಹಟ್ಟಿಯ ನಳ ಕೆಮ್ಮಿತು, ಉಗುಳಿತು, ಸುರಿಯಿತು.

ಮಾರನೇ ದಿನ ಭರತ ಕೊಟ್ಟೂರಿಗೆ ಹೋಗಿ ಸುದ್ದಿ ಬರೆದು ಬಂದ. “ಬ್ರೆಜಿಲ್‌ನವ ಭಾಳ ಖುಷಿ ಪಟ್ಟಾನ ದೊಡ್ಡವ್ವಾ!”

ಮಾರೆಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿದಳು.

“ಅವನ ಓಣ್ಯಾಗ ನೀರು ಬರ್ತಾವೇನು ಕೇಳು. ಬರದಿದ್ರ, ಮದ್ಲು ಅಲ್ಲೀ ಗೌಡ್ರ ಹೊಲ ಹುಡುಕು ಅನ್ನು.”