ಒಂದು ಲಕ್ಷದ ನಲವತ್ತೊಂದು ಸಾವಿರ

ಅದೇ ತಗ್ಗು ಎರಡನೇ ಸಲ ಕಣ್ಣಿಗೆ ಬಿದ್ದಾಗ ಅವಳು ಊಟದ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿಬಿಟ್ಟಳು. ಗೆದ್ದ ಗೆರೆಯನ್ನು ಕಣ್ತುಂಬ ನೋಡೋಣ ಎಂದಷ್ಟೇ ಪರೀಕ್ಷೆಯ ಗ್ರಾಫು ತೆರೆದಿದ್ದಳು. ಫೋನು ತೆಗೆದು ಮುಚ್ಚಿದ ಲೆಕ್ಕ ತೊಂಬತ್ತಾರು ಸಾವಿರದ ಹತ್ತಿರ ಇದ್ದಾಗ, ಕಟ್ಟಡದಲ್ಲಿ ಕರೆಂಟು ಹೋದ ದಿನ, ಮೋಟಾರಿನ ಗೆರೆ ಗಕ್ಕನೆ ಕುಸಿದು ಎದ್ದಿತ್ತು. ಒಂದು ಲಕ್ಷದ ಐವತ್ತೈದು ಸಾವಿರದಲ್ಲೂ ಅದೇ ಇಳಿತ, ಅದೇ ಏರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕರೆಂಟು ಹೋಗಿದ್ದು ಮಾತ್ರ ಒಂದೇ ಸಲ.

ಬೆರಳಿನಷ್ಟೂ ದಪ್ಪವಿಲ್ಲದ ಫೋನು. ಗುಂಡಿ ಒತ್ತಿದರೆ ಒಳಗೆ ಸುತ್ತಿಕೊಂಡಿದ್ದ ಪರದೆ ಚಾಪೆ ಬಿಚ್ಚಿದ ಹಾಗೆ ಜಾರಿ ಹೊರಬಂದು ಅಗಲವಾಗಬೇಕು. ಅದನ್ನು ತಳ್ಳುವ ಮೋಟಾರು, ಹಲ್ಲುಗಾಲಿಗಳ ವಿನ್ಯಾಸ ಅವಳದು. ಎಡಬಲದ ಹಲ್ಲುಪಟ್ಟಿಗಳು ಜೋಡೆತ್ತಿನಂತೆ ಒಟ್ಟಿಗೆ ಸಾಗಬೇಕು. ಒಂದು ತುಸು ಹಿಂದೆ ಬಿದ್ದರೂ ಪರದೆ ಸೊಟ್ಟಗಾಗಿ ಸುಕ್ಕು ಬೀಳುತ್ತದೆ. ಎರಡು ಲಕ್ಷ ಸಲ ತೆಗೆದು ಮುಚ್ಚಿದರೂ ಸುಕ್ಕು ಬೀಳಕೂಡದು ಎಂಬುದು ಕಂಪನಿಯ ಕಟ್ಟಳೆ. ಆರು ವರ್ಷದಲ್ಲಿ ಮೂರು ಮಾದರಿಗಳು ಸತ್ತಿದ್ದವು. ನಾಲ್ಕನೆಯದು ಹೋದ ವಾರ ಪಾಸಾಗಿತ್ತು.

ಪಾಸು ಮಾಡಿದವನು ಅವಳ ಗಂಡ. ಪರೀಕ್ಷೆಯ ಕೋಣೆ ಅವನ ಕೈಲಿತ್ತು. ವಿನ್ಯಾಸ ಮಾಡಿದವರು ಅದರೊಳಗೆ ಕಾಲಿಡುವಂತಿರಲಿಲ್ಲ. ಒಳಗೆ ಹೋದ ಮಾದರಿ ಬದುಕಿ ಬರುವುದೇ ಅಪರೂಪವಾಗಿದ್ದರಿಂದ ಆಫೀಸಿನಲ್ಲಿ ಅವನಿಗೆ ಯಮ ಎಂದು ಹೆಸರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರದ್ದು ರಿಪೋರ್ಟ್ ಬರೋ ತನಕ," ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು.

ಸಂಜೆ ಮನೆಯಲ್ಲಿ ಅವನು ಒಗೆದ ಬಟ್ಟೆ ಮಡಚುತ್ತಿದ್ದ. ಅವಳು ಚೀಲವನ್ನೂ ಇಳಿಸದೆ ಕೇಳಿದಳು:

"ಎಷ್ಟಕ್ಕೆ ಸತ್ತಿತು?"

ಅವನು ಕೇಳಿಸದವನ ಹಾಗೆ ನಟಿಸಲಿಲ್ಲ. "ಒಂದು ಲಕ್ಷದ ನಲವತ್ತೊಂದು ಸಾವಿರಕ್ಕೆ. ಎಡಗಡೆ ಹಲ್ಲು ಸವೆದಿತ್ತು. ಸಣ್ಣ ಸುಕ್ಕು."

"ಹಿಂದಿನ ಗೆರೆಯನ್ನೇ ಎತ್ತಿ ಮುಂದಕ್ಕೆ ಅಂಟಿಸಿದೆ."

"ಹೌದು."

"ಯಾಕೆ?"

ಒಂದೇ ಕ್ಲಾಸಿನಲ್ಲಿ ಓದಿದವರು, ಅಂದಿನಿಂದ ಇಬ್ಬರದೂ ಏಕವಚನ. ಅವನು ಮಡಚುವುದನ್ನು ನಿಲ್ಲಿಸದೆ ಹೇಳಿದ: "ಮೂರನೇದು ಹೋದಾಗ ನೀನು ಏನಂದೆ, ನೆನಪಿದೆಯಾ? 'ನಿನ್ನ ಕೈ ತಾಗಿದ್ದು ಒಂದಾದರೂ ಉಳಿದಿದೆಯಾ' ಅಂದೆ. ಆಮೇಲೆ ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇದರ ಹೆಣ ಹೊತ್ತುಕೊಂಡು ಮನೆಗೆ ಬರೋಕೆ ನನಗೆ ಕಾಲೇ ಏಳಲಿಲ್ಲ."

ಅಷ್ಟಕ್ಕೇ ಅವಳು ಸುಮ್ಮನಾಗಬಹುದಿತ್ತು. ಆದರೆ ಹೋದ ವಾರ ಇಡೀ ವಿಭಾಗ ಎದ್ದು ನಿಂತು ತಟ್ಟಿದ ಚಪ್ಪಾಳೆ ಈಗ ಕಪಾಳಕ್ಕೆ ಬಿದ್ದಂತಾಗಿತ್ತು.

"ನಾನು ನಿನ್ನ ಹತ್ತಿರ ಭಿಕ್ಷೆ ಕೇಳಿರಲಿಲ್ಲ."

"ಹಾಗಾದರೆ ಹೋಗಿ ಹೇಳು," ಎಂದ ಅವನು. ಕೈಯಲ್ಲಿದ್ದುದು ಅವಳ ಅಂಗಿ. ಅದರ ತೋಳು ನೇರ ಮಾಡಿ ಮಡಚಿಟ್ಟ.

ಅವಳು ಹೋಗಿ ಹೇಳಿದಳು. ರಾತ್ರಿ ಕಳೆದರೆ ಮನಸ್ಸು ಬದಲಾದೀತೆಂದು ಅವನು ನಂಬಿದ್ದನೋ ಏನೋ, ಬೆಳಗ್ಗೆ ಎಂದಿನಂತೆ ಅವಳ ಜೊತೆಯಲ್ಲೇ ಕಾರಿನಲ್ಲಿ ಬಂದ. ವಿಭಾಗದ ಮುಖ್ಯಸ್ಥರು ಅವಳ ಮಾತನ್ನು ಪೂರ್ತಿ ಕೇಳಿ, ಬಾಗಿಲು ಹಾಕಿಸಿದರು. "ನಿಮ್ಮ ಪ್ರಾಮಾಣಿಕತೆ ದೊಡ್ಡದು," ಎಂದರು. ಮಧ್ಯಾಹ್ನದ ಹೊತ್ತಿಗೆ ಅವನ ಗುರುತಿನ ಚೀಟಿ ವಾಪಸು ತೆಗೆದುಕೊಂಡಾಗಿತ್ತು. ಹದಿನಾಲ್ಕು ವರ್ಷದ ಕೆಲಸ. ಮೇಜಿನಿಂದ ಹೊರಟಿದ್ದು ಒಂದು ಕನ್ನಡಕದ ಪೆಟ್ಟಿಗೆ, ಒಂದು ಸ್ವೆಟರು.

ಮೂರನೇ ದಿನ ಮುಖ್ಯಸ್ಥರು ಅವಳ ತಂಡವನ್ನು ಕರೆದರು. ಹಲ್ಲುಪಟ್ಟಿಗೆ ಬೇರೆ ಲೋಹ, ಇನ್ನು ಎಂಟು ತಿಂಗಳು ಎಂದು ಅವಳು ಲೆಕ್ಕ ಹಾಕಿಕೊಂಡು ಬಂದಿದ್ದಳು. ಅವರು ಅವಳ ಕಾಗದಗಳನ್ನು ಮುಟ್ಟಲೇ ಇಲ್ಲ.

"ಏನೂ ಬದಲಾಯಿಸೋದು ಬೇಡಮ್ಮ. ದಿನಕ್ಕೆ ನೂರೈವತ್ತು ಸಲ ತೆಗೆದರೂ ಎರಡು ವರ್ಷಕ್ಕೆ ಒಂದು ಲಕ್ಷದ ಹತ್ತು ಸಾವಿರ. ಎರಡು ವರ್ಷದ ಮೇಲೆ ಹಳೇ ಫೋನು ಯಾರು ಇಟ್ಕೋತಾರೆ? ಇವತ್ತಿಂದ ಕಟ್ಟಳೆ ಒಂದು ಲಕ್ಷದ ಇಪ್ಪತ್ತು ಸಾವಿರ. ನಿಮ್ಮದು ಒಂದೂ ನಲವತ್ತೊಂದು ದಾಟಿದೆ. ಪಾಸು, ಅದೂ ಒಳ್ಳೇ ಅಂತರದಲ್ಲಿ."

ಯಾರೋ ಚಪ್ಪಾಳೆ ತಟ್ಟಲು ಕೈ ಎತ್ತಿ, ಅವಳ ಮುಖ ನೋಡಿ ಇಳಿಸಿದರು.

"ಹಾಗಾದರೆ, ಸರ್... ಅವನು ಮಾಡಿದ್ದು?"

"ಸುಳ್ಳು ಬರೆದದ್ದು ತಪ್ಪು," ಎಂದರು ಮುಖ್ಯಸ್ಥರು, ಮಗುವಿಗೆ ಹೇಳುವಷ್ಟು ಮೆತ್ತಗೆ. "ಕಟ್ಟಳೆ ಬದಲಾಯಿಸೋದು ನಮ್ಮ ಕೆಲಸ."

ಎದ್ದು ಹೋಗಬೇಕೆಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಮನೆಗೀಗ ಒಂದೇ ಸಂಬಳ. ಅದಕ್ಕಿಂತ ಹೆಚ್ಚಾಗಿ, ಆರು ವರ್ಷ ತಾನು ಹೊತ್ತದ್ದು ಕೊನೆಗೂ ಲೋಕ ಕಾಣುತ್ತದೆ ಎಂಬ ಆಸೆ ಆ ಹೊತ್ತಿನಲ್ಲೂ ಒಳಗೆ ಮಿಸುಕಾಡಿತು. ಅದು ತಿಳಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕುರ್ಚಿ ಬಿಟ್ಟು ಏಳಲಿಲ್ಲ.

ಮನೆಯಲ್ಲಿ ಅವನು ಒಂದು ದಿನವೂ ಜಗಳ ತೆಗೆಯಲಿಲ್ಲ. ಕಟ್ಟಳೆ ಬದಲಾದ ಸುದ್ದಿಯನ್ನು ಬೇರೆಯವರಿಂದ ಕೇಳಿ, "ಒಳ್ಳೇದಾಯ್ತು ಬಿಡು," ಎಂದ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಆ ವರ್ಷದ ಕೊನೆಗೆ ಫೋನು ಬಿಡುಗಡೆಯಾಯಿತು. ವೇದಿಕೆಯ ಮೇಲೆ ಅವಳನ್ನು ಕರೆದು, ತೋಳಿನಷ್ಟು ಉದ್ದದ ಹೂಗುಚ್ಛ ಕೊಟ್ಟರು. ಆಮಂತ್ರಣದಲ್ಲಿ 'ಕುಟುಂಬ ಸಮೇತ' ಎಂದಿತ್ತು. ಅವಳು ಒಬ್ಬಳೇ ಹೋಗಿ ಒಬ್ಬಳೇ ಬಂದಳು.

ಅವನು ಊಟದ ಮೇಜಿನ ಮೇಲೆ ಅರ್ಜಿಯೊಂದನ್ನು ಹರಡಿಕೊಂಡು ಕೂತಿದ್ದ. ಅದು ಐದನೆಯದೋ ಆರನೆಯದೋ. ಹೂವಿನ ಕಡೆ ನೋಡಿ, "ಚೆನ್ನಾಗಿದೆ," ಎಂದ. ಆಮೇಲೆ ಪೆನ್ನಿನ ತುದಿಯಿಂದ ಕಾಗದದ ಮೇಲೆ ಒಂದು ಕಡೆ ತಟ್ಟಿದ.

"'ಹಿಂದಿನ ಕೆಲಸ ಬಿಡಲು ಕಾರಣ' ಅಂತಿದೆ. ಏನು ಬರೀಲಿ?"

ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ. ಅವಳು ಹೂಗುಚ್ಛವನ್ನು ಇನ್ನೊಂದು ತೋಳಿಗೆ ಬದಲಾಯಿಸಿದಳು. ಅವನು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದ. ವಿಳಾಸ ಬರೆಯತೊಡಗಿದ.

ಅವಳು ಅಡುಗೆಮನೆಗೆ ಹೋಗಿ ಸ್ಟೀಲಿನ ಜಗ್ಗಿಗೆ ನೀರು ತುಂಬಿಸಿದಳು. ಹೂವಿನ ದಂಟುಗಳು ಉದ್ದವಾಗಿದ್ದವು. ಇಟ್ಟ ಕೂಡಲೇ ಜಗ್ಗು ವಾಲಿತು. ಕತ್ತರಿ ಹುಡುಕುವ ಗೋಜಿಗೆ ಹೋಗದೆ, ಸಿಂಕಿನ ಮುಂದೆ ನಿಂತು ಅವುಗಳನ್ನು ಒಂದೊಂದಾಗಿ ಕೈಯಿಂದಲೇ ಮುರಿಯತೊಡಗಿದಳು.