ಬಿಡಾರದ ಮೂರು ಕಲ್ಲು

ಕಾಯಿ ಒಡೆದ ಸದ್ದಾಯಿತು, ನೀರು ಕಲ್ಲಿನ ನೆತ್ತಿಯಿಂದ ಇಳಿದು ಅರಿಸಿನವನ್ನು ತೋಯಿಸುತ್ತ ಮಣ್ಣಿಗೆ ಬಂತು, ಅಯ್ಯೋ ಒಲೆ ತೊಯ್ದುಹೋಯಿತಲ್ಲ, ಇನ್ನು ಬೆಂಕಿ ಹೊತ್ತುವುದು ಹೇಗೆ ಅಂದುಕೊಂಡ ವಿರೂಪಾಕ್ಷಮ್ಮ ಆ ಕ್ಷಣವೇ ನಾಲಿಗೆ ಕಚ್ಚಿಕೊಂಡಳು — ಒಲೆ ಎಲ್ಲಿ ಉಳಿಯಿತು ಇನ್ನು, ಎಂಟು ದಿನದ ಹಿಂದೆ ಅವಳೇ ಕೈಯಾರೆ ಹೂಡಿಹೋದ ಮೂರು ಒಲೆಗಲ್ಲು ಈಗ ದೇವಿಯರಾಗಿ ಕೂತಿವೆ, ತಲೆಯ ಮೇಲೆ ಚೆಂಡುಹೂವು, ಮುಂದೆ ಊದಿನಕಡ್ಡಿ, ಪಕ್ಕಕ್ಕೆ ಬೇವಿನ ಸೊಪ್ಪು, ಸುತ್ತ ಕೈಮುಗಿದ ಹೆಂಗಸರು. ನವಲಿಯ ಅವಳ ಹಿತ್ತಲಿನ ಕಲ್ಲುಗಳು ಅವು, ದೊಡ್ಡದರ ಮೇಲೆ ಕೂತು ಮೊನ್ನೆ ಮೊನ್ನೆಯವರೆಗೂ ಪಾತ್ರೆ ತಿಕ್ಕಿದ್ದಾಳೆ, ಅದಕ್ಕೀಗ ಒಬ್ಬ ಮುದುಕಿ ಹಣೆ ಹಚ್ಚಿ, ಯವ್ವಾ ತಾಯಿ, ಕಣ್ಣ ತಗದು ನೋಡ ನನ್ನವ್ವಾ, ಅನ್ನುತ್ತಿದ್ದಾಳೆ. ಬೇರೆ ಯಾರದಾದರೂ ಕಲ್ಲಾಗಿದ್ದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಡುತ್ತಿದ್ದಳು, ಮನೆಗೆ ಹೋಗಿ ವಾರಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು, ಈಗ ಕಂಕುಳಲ್ಲಿ ಬಟ್ಟೆಯ ಗಂಟು, ಕಾಲ ಬಳಿ ಜೋಳದ ಹಿಟ್ಟಿನ ಚೀಲ, ಇಳಿಸಲು ಜಾಗವಿಲ್ಲ. ಏ ತಂಗಿ, ದೇವಿ ಮುಂದ ಗಂಟ ಇಡಬ್ಯಾಡ, ಆಚಿ ಸರಿ, ಎಂದಳು ಮುದುಕಿ. ಸರಿದಳು. ತನ್ನ ಜಾಗದಿಂದ ತಾನೇ ಸರಿದಳು.

ಹೇಮಗುಡ್ಡದ ಬುಡದಲ್ಲಿ ನವರಾತ್ರಿಗೆ ಬಿಡಾರ ಹಿಡಿಯುವ ಪದ್ಧತಿ ಈ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು, ನೆರಳಿನ ಮರ ಹತ್ತೋ ಹನ್ನೆರಡೋ, ಬರುವ ಬಂಡಿ ನೂರಾರು, ಹೀಗಾಗಿ ಅಮಾವಾಸ್ಯೆಯ ದಿನವೇ ಬಂದು ಮೂರು ಒಲೆಗಲ್ಲು ಹೂಡಿ ಮೇಲೊಂದು ಸುಣ್ಣದ ಗೆರೆ ಎಳೆದು ಹೋದವರದೇ ಆ ನೆರಳು, ದಶಮಿಯವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ, ಜಗಳಗಂಟರೂ ಮುಟ್ಟುವುದಿಲ್ಲ. ಸುಣ್ಣದ ಗೆರೆ. ಅವತ್ತು ಗಂಡ ಕೊಟ್ರಪ್ಪ ಬಂಡಿಯಿಂದ ಸುಣ್ಣದ ಗಡಿಗೆ ಇಳಿಸಿ ಇಟ್ಟಿದ್ದ, ಹಚ್ಚು ಅಂದಿದ್ದ, ಸುಣ್ಣ ಹಚ್ಚಿದರ ಸಾಕು ಏ ಇವಳ, ಹೊತ್ತಾತು ನಡಿ — ಅವಳಿಗೇ ಮನಸ್ಸು ಬರಲಿಲ್ಲ. ಇದು ಬರೀ ಅನ್ನ ಬೇಯಿಸುವ ಒಲೆಯೇ, ಈ ಒಲೆಯ ಮುಂದೆ ಮಗಳ ಕುಬುಸ ಆಗಬೇಕು, ಬಸುರಿಗೆ ತವರಿನವರು ಹಸಿರು ಕುಬುಸ ತೊಡಿಸಿ ಹಸಿರು ಬಳೆ ಇಡಿಸುವ ಒಸಗೆ, ಒಸಗೆಯ ಒಲೆಗೆ ಯಾರಾದರೂ ಸುಣ್ಣ ಬಳಿಯುತ್ತಾರೆಯೇ, ಮೊದಲು ಒಲೆಯನ್ನೇ ಪೂಜೆ ಮಾಡುವುದಿಲ್ಲವೇ. ಮೂರಕ್ಕೂ ಅರಿಸಿನ ಬಳಿದಳು, ದೊಡ್ಡ ದೊಡ್ಡ ಕುಂಕುಮ ಇಟ್ಟಳು, ಮೇಲೊಂದು ಹೂವು, ಕೈಮುಗಿದು ಬಂಡಿ ಹತ್ತಿದಳು, ದಾರಿಯುದ್ದಕ್ಕೂ ಹಿಂದಿರುಗಿ ನೋಡಿದಳು, ಎಷ್ಟು ಚೆಂದ ಕಾಣುತ್ತಿದ್ದವು. ಚೆಂದ ಕಂಡದ್ದೇ ತಪ್ಪಾಯಿತು. ದಾರಿಹೋಕರು ಯಾರೋ ಮೊದಲು ಕೈಮುಗಿದಿರಬೇಕು, ಇನ್ನೊಬ್ಬರು ಕಾಯಿ ಒಡೆದಿರಬೇಕು, ಮೂರನೆಯವರು ಕನಸಿನಲ್ಲಿ ಕಂಡಿರಬೇಕು, ಎಂಟು ದಿನ ಸಾಕಲ್ಲ ನಮ್ಮ ಜನಕ್ಕೆ.

ಈ ಹುಣಸೆಮರದ ನೆರಳೇ ಯಾಕೆ ಬೇಕಿತ್ತು ಅಂದರೆ ಪಕ್ಕದ ಹುಣಸೆ ಗಂಗಾವತಿಯ ಗುರುಲಿಂಗಮ್ಮನವರದು, ಬೀಗತಿಯದು, ಮಗಳು ಪಾರ್ವತೆಮ್ಮನ ಅತ್ತೆಯದು, ಮೂರು ತಲೆಮಾರಿನಿಂದ ಅವರು ಅಲ್ಲೇ ಇಳಿಯುತ್ತಾರೆ. ಎರಡು ಮರದ ನಡುವೆ ಹನ್ನೆರಡು ಹೆಜ್ಜೆ, ಅಮಾವಾಸ್ಯೆಯ ದಿನ ಅವಳೇ ಅಳೆದಿದ್ದಾಳೆ, ಹನ್ನೆರಡು ಹೆಜ್ಜೆ, ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ, ಎರಡು ವರ್ಷದಿಂದ ಮಗಳ ಕೆಮ್ಮು ಕೂಡ ಕೇಳಿಲ್ಲ. ಚೊಚ್ಚಲ ಕೂಸು ನವಲಿಯಲ್ಲೇ ಹುಟ್ಟಿತ್ತು, ತವರಲ್ಲಿ, ಹುಟ್ಟಬೇಕಾದಲ್ಲೇ, ಕೆಂಪಗೆ ಗುಂಡಗೆ ಇತ್ತು, ಹನ್ನೊಂದನೆಯ ದಿನ ಮೊಲೆ ಹಿಡಿಯುವುದು ಬಿಟ್ಟಿತು, ಹದಿಮೂರಕ್ಕೆ ಇಲ್ಲವಾಯಿತು, ಅಂಗಳದಲ್ಲಿ ನಿಂತು ಗುರುಲಿಂಗಮ್ಮ, ನಮ್ಮ ಮನಿ ಕುಡಿನ ಈ ಮನಿ ನುಂಗೇತಿ, ಇನ್ನ ಮ್ಯಾಲೆ ನಮ್ಮ ಸೊಸಿ ಈ ಹೊಸ್ತಿಲ ತುಳಿಯಂಗಿಲ್ಲ, ನಿಮ್ಮ ಹೊಸ್ತಿಲ ನಿಮಗ ಇರಲಿ, ಅಂದಿದ್ದಳು. ಹೊಟ್ಟೆ ಉರಿದು ಆಡಿದ ಮಾತು, ಹೆಂಗಸು ಕೆಟ್ಟವಳಲ್ಲ, ಕೂಸಿಗೆ ಬೆಳ್ಳಿಯ ಕಡಗ ಮಾಡಿಸಿಟ್ಟುಕೊಂಡು ಬಂದವಳು ಅವಳು, ಆದರೆ ಆಡಿದ್ದನ್ನು ನಡೆಸಿದಳು, ಮಗಳು ತವರಿಗೆ ಬಾರದೆ ಎರಡು ಪಂಚಮಿ ಹೋದವು, ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಲಿಲ್ಲ. ಈ ಸಲ ಬಳೆಗಾರ ಉಮರಸಾಬ ಗಂಗಾವತಿಯ ಕಡೆಯಿಂದ ಪೆಟ್ಟಿಗೆ ಹೊತ್ತು ಬಂದವನು ಕಟ್ಟೆಯ ಮೇಲೆ ಕೂತು ನೀರು ಕುಡಿದು, ಅವ್ವಾರ, ನಿಮ್ಮ ಪಾರವ್ವಗ ಏಳು ತುಂಬಿ ಎಂಟರಾಗ ಬಿದ್ದಾವಂತ್ರಿ, ಬಾಗಿಲಾಗ ನಿಂತಿದ್ಲು, ಕೈ ಸೆರಗಿನಾಗ ಇಟ್ಟಕೊಂಡಿದ್ಲು, ಬಳಿ ಬ್ಯಾಡ ಅಂದ್ಲು ನೋಡ್ರಿ ನಮ್ಮ ಪಾರವ್ವ, ಅಂತ ಹೇಳಿದ. ವಿರೂಪಾಕ್ಷಮ್ಮನಿಗೆ ಕೇಳಿಸಿದ್ದು ಏಳು ತುಂಬಿದ್ದು ಮಾತ್ರ.

ಅವತ್ತು ರೊಟ್ಟಿ ಬಡಿಯುತ್ತಿದ್ದಾಗ ತಟ್ಟನೆ ಹೊಳೆದದ್ದು, ಬಿಡಾರಕ್ಕೆ ಹೊಸ್ತಿಲಿಲ್ಲ! ಮರದ ಕೆಳಗೆ ಮೂರು ಕಲ್ಲು, ನಾಲ್ಕು ಗೂಟ, ಒಂದು ಸೀರೆಯ ಮರೆ, ಅಲ್ಲಿ ಯಾವ ಹೊಸ್ತಿಲು ತುಳಿಯಬೇಕು, ಬೀಗತಿ ಆಡಿದ ಮಾತೂ ಉಳಿಯುತ್ತದೆ, ತಾಯಿಯ ಒಲೆ ಉರಿಯುವ ಜಾಗಕ್ಕೆ ತವರು ಅನ್ನದೆ ಮತ್ತೇನನ್ನುತ್ತಾರೆ. ಕೊಟ್ರಪ್ಪ ಕೇಳಿ, ನಿನ್ನ ತಲಿ ವಕೀಲರಿಗೂ ಇಲ್ಲ ಬಿಡು, ಅಂದ, ಕಣ್ಣು ಒರೆಸಿಕೊಂಡ. ಯುದ್ಧದ ಕಾಲ, ಅಂಗಡಿಗಳಲ್ಲಿ ಬಟ್ಟೆಯೇ ಇಲ್ಲ, ಅವನು ಕೊಪ್ಪಳದ ಕಡೆ ಹೋದಾಗ ಭಾಗ್ಯನಗರದಲ್ಲಿ ಮಗ್ಗದವರ ಮನೆಮನೆ ಕೇಳಿ ಹಸಿರು ಕಣದ ಬಟ್ಟೆ ತಂದ, ಒಂದೇ ಒಂದು ಕುಬುಸಕ್ಕಾಗುವಷ್ಟು. ಬಳೆಯನ್ನು ಉಮರಸಾಬನೇ ಆರಿಸಿ ಕೊಟ್ಟ, ಮದುವಿ ಬಳಿ ನಾನ ಏರ್ಸೀನಿ, ಆ ಕೈ ಅಳತಿ ನನಗ ಗೊತ್ತಿಲ್ಲೇನ್ರಿ, ಎಳಿ ಕೈ, ಮುಚ್ಚಿದ ಮೊಗ್ಗಿನಾಂಗ ಕೂಡತಾವ ಬೆರಳ. ಆ ಬಳೆ, ಆ ಕಣ, ಈ ಕಂಕುಳ ಗಂಟಿನಲ್ಲಿ. ಅಷ್ಟಮಿಯ ಮಧ್ಯಾಹ್ನವಾಯಿತು, ಬಂಡಿಗಳು ಬರುತ್ತಲೇ ಇವೆ, ಧೂಳು, ಎತ್ತಿನ ಕೊರಳ ಗಂಟೆ, ಎಲ್ಲ ಮರಗಳ ಕೆಳಗೂ ಜನ, ಖಾಲಿ ಇರುವುದು ಹಳ್ಳದಾಚೆಯ ಬಿಸಿಲು ಬಯಲು ಮಾತ್ರ.

ಎತ್ತಿಗೆ ನೀರು ಕುಡಿಸಿ ಬಂದ ಕೊಟ್ರಪ್ಪ ಗುಂಪಿನ ಹಿಂದೆ ನಿಂತು ಮೂರು ಕಲ್ಲು ನೋಡಿದ, ಹೆಂಡತಿಯ ಮುಖ ನೋಡಿದ, ಮೆಲ್ಲಗೆ, ಹೇಳಿಬಿಡ್ಲೇನು, ನಮ್ಮ ಒಲಿಗಲ್ಲ ಇವು ಅಂತ, ಜಾಗಾ ನಮ್ಮದು ಅಂತ, ಎಂದು ಕೇಳಿದ. ಹೇಳ್ರಿ ಅನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಗಂಗಾವತಿಯ ಬಂಡಿ ಬಂತು, ಪಕ್ಕದ ಹುಣಸೆಗೆ, ಮೊದಲು ಇಳಿದವಳು ಗುರುಲಿಂಗಮ್ಮ, ಇಳಿದವಳು ಗಂಟು ಗಡಿಗೆ ನೋಡಲಿಲ್ಲ, ನೆಟ್ಟಗೆ ಕಲ್ಲುಗಳ ಮುಂದೆ ಬಂದು ಮಂಡಿಯೂರಿದಳು, ವಿರೂಪಾಕ್ಷಮ್ಮ ಮರದ ಹಿಂದಕ್ಕೆ ಸರಿದಳು, ಮೈಯೆಲ್ಲ ಕಿವಿ. ಯವ್ವಾ, ನೀ ಎದ್ದು ಬಂದಿ ಅಂತ ಗಂಗಾವತಿತನಕ ಸುದ್ದಿ ಬಂತು, ನಮ್ಮ ಬಿಡಾರದ ಮಗ್ಗಲಕ ಎದ್ದು ಬಂದೀಯಂದ್ರ ನಮ್ಮ ಸಲುವಾಗೇ ಬಂದಿ ತಾಯಿ, ಒಂದ ಹೋಗೇತಿ, ಇದೊಂದ ಉಳಿಸಿಕೊಡು, ತಾಯಿ ಕೂಸು ಎರಡೂ ಉಳಿಸಿಕೊಡು, ವರ್ಷಾ ಬಂದು ಉಡಿ ತುಂಬತೀನಿ. ಗುರುಲಿಂಗಮ್ಮ ಹಣೆಯನ್ನು ಕಲ್ಲಿಗೆ ಹಚ್ಚಿದಳು, ಈ ಹೆಂಗಸಿಗೂ ಭಯವಿದೆ, ತನಗಿರುವಷ್ಟೇ ಭಯ, ಅದನ್ನು ಕೇಳಿ ವಿರೂಪಾಕ್ಷಮ್ಮನ ಎರಡು ವರ್ಷದ ಸಿಟ್ಟು ಎಲ್ಲಿಗೋ ಹೋಯಿತು. ಈಗ ಹೇಗೆ ಹೇಳುವುದು. ಇವು ನನ್ನ ಪಾತ್ರೆ ತಿಕ್ಕುವ ಕಲ್ಲು ಅಂದರೆ ನಾಲ್ಕು ಜನ ಬೈಯುತ್ತಾರೆ, ಬೈಯಲಿ, ಜಾಗ ಸಿಕ್ಕೀತು, ಆದರೆ ಹೊಟ್ಟೆಯಲ್ಲಿರುವ ಕೂಸಿನ ಹರಕೆಯನ್ನು ಈಗಷ್ಟೇ ಈ ಕಲ್ಲಿಗೆ ಕಟ್ಟಿಯಾಯಿತು, ಕಟ್ಟಿದವಳ ಮುಖಕ್ಕೇ ಅದು ಸುಳ್ಳು ಅಂದರೆ, ನಾಳೆ ಒಂದು ಹೆಚ್ಚುಕಡಿಮೆಯಾದರೆ, ಮೊದಲನೆಯದನ್ನು ನಿಮ್ಮ ಮನೆ ನುಂಗಿತು, ಎರಡನೆಯದನ್ನು ನಿಮ್ಮ ಬಾಯಿ ನುಂಗಿತು ಅಂದಾಳು, ಅನ್ನದೆ ಬಿಟ್ಟಾಳೇ. ಗಂಡನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಹಳ್ಳದ ಆಚಿ ಹೋಗೋಣು ನಡೀರಿ, ಎಂದಳು. ಅವನು ಹಿಟ್ಟಿನ ಚೀಲ ಎತ್ತಿಕೊಂಡ.

ಆದರೆ ಕಾಲು ಏಳಲಿಲ್ಲ, ಮುದುಕಿಯ ಕೈ ಕಂಡಿತು, ಬಂದ ಬಸುರಿಯರಿಗೆಲ್ಲ ಮುದುಕಿ ಕಲ್ಲಿನ ಮುಂದಿದ್ದ ಕಾಣಿಕೆಯಿಂದ ಒಂದು ಹೂವೋ ಹಣ್ಣೋ ಎತ್ತಿ ದೇವಿಯ ಪ್ರಸಾದ ಅಂತ ಉಡಿಗೆ ಹಾಕುತ್ತಿದ್ದಾಳೆ, ಮಗಳು ಇನ್ನೂ ಬಂಡಿಯಲ್ಲಿದ್ದಾಳೆ, ಗುರುಲಿಂಗಮ್ಮ ಕರೆತರಲು ಎದ್ದು ಹೋದಳು — ಇದೇ ಹೊತ್ತು, ವಿರೂಪಾಕ್ಷಮ್ಮ ಗಂಟು ಬಿಚ್ಚಿದಳು, ಸೆರಗು ಮುಖದ ಮೇಲೆ ಎಳೆದುಕೊಂಡು ಹೋಗಿ ಹಸಿರು ಕಣ, ಅದರ ಮೇಲೆ ಹಸಿರು ಬಳೆ, ದೊಡ್ಡ ಕಲ್ಲಿನ ಮುಂದೆ ಇಟ್ಟಳು, ಅಜ್ಜಿ, ಇನ್ನ ಮೊದಲ ಬರೋ ಬಸರಿಗೆ ಇದನ್ನ ಕೊಡ್ರಿ, ಅಂದಳು, ಮತ್ತೆ ಮರದ ಹಿಂದೆ. ಜಾಗ ಹೋದರೆ ಹೋಗಲಿ, ಒಲೆ ಹೋದರೆ ಹೋಗಲಿ, ತವರಿನ ಕುಬುಸ ಮೈಮೇಲೆ ಬೀಳಲಿ, ಯಾರ ಹೆಸರಿನಲ್ಲಾದರೂ ಬೀಳಲಿ. ಮಗಳು ಬಂದಳು, ಅತ್ತೆಯ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ, ಮುಖ ತುಂಬಿಕೊಂಡಿದೆ, ದುಂಡಗಾಗಿದ್ದಾಳೆ, ತಿನ್ನಲು ಉಣ್ಣಲು ಚೆನ್ನಾಗಿ ಕೊಡುತ್ತಾರೆ ಅಂತಾಯಿತು, ಎಷ್ಟು ಚೆಂದ ತುಂಬಿಕೊಂಡಿದೆ ಮುಖ, ಕಣ್ಣುಗಳೇ ಸಣ್ಣಗಾಗುವಷ್ಟು. ಮುದುಕಿ ಕಣ ಎತ್ತಿ ಹೆಗಲ ಮೇಲೆ ಹೊದಿಸಿದಳು, ಗುರುಲಿಂಗಮ್ಮನ ಕಣ್ಣಲ್ಲಿ ನೀರು, ನೋಡ್ರೆವ್ವಾ, ದೇವಿನ ಕುಬಸಾ ಮಾಡ್ಯಾಳ ನಮ್ಮ ಹುಡುಗಿಗೆ! ಮರದ ಹಿಂದೆ ವಿರೂಪಾಕ್ಷಮ್ಮನಿಗೆ ನಗು ಬಂತು, ಅಳುವಿನ ಒಳಗಿಂದಲೇ ಬಂತು, ಸಾರ್ಥಕವಾಯಿತು ಅನ್ನಿಸಿತು.

ಬಳೆ ಏರಲಿಲ್ಲ. ಗುರುಲಿಂಗಮ್ಮ ಒತ್ತಿದಳು, ಮುದುಕಿ ಒತ್ತಿದಳು, ಮೊದಲನೆಯ ಬಳೆ ಬೆರಳ ಗೆಣ್ಣಿನ ಮೇಲೆ ಸಿಕ್ಕಿಕೊಂಡಿತು, ಒಳಗೂ ಇಲ್ಲ ಹೊರಗೂ ಇಲ್ಲ, ಪಾರ್ವತೆಮ್ಮ ನೋವಿಗೆ ಹಲ್ಲು ಕಚ್ಚಿದಳು, ಒಡೀಬ್ಯಾಡ್ರಿ, ಬಸರಿ ಕೈಯಾಗ ದೇವಿ ಬಳಿ ಒಡೀಬಾರದು, ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು, ಯಾರರ ಬಳಿ ಏರ್ಸಾಕ ಬರೋರು ಇದ್ರ ಬರ್ರೆವ್ವಾ ಎಂದಳು ಗುರುಲಿಂಗಮ್ಮ. ವಿರೂಪಾಕ್ಷಮ್ಮನ ಕಾಲು ತಾವೇ ನಡೆದವು. ಸೆರಗು ಜಾರಿತು. ಬೀಗತಿ ನೋಡಿದಳು, ಗುರುತು ಹಿಡಿದಳು, ಬಾಯಿ ತೆರೆದಳು, ಕಲ್ಲುಗಳ ಕಡೆ ನೋಡಿ ಬಾಯಿ ಮುಚ್ಚಿದಳು, ಜಾಗ ಬಿಟ್ಟಳು. ಯವ್ವಾ, ಅಂದಳು ಪಾರ್ವತೆಮ್ಮ, ಎರಡು ವರ್ಷದ ಮೇಲೆ ಅದೊಂದೇ ಮಾತು, ಆಮೇಲೆ ತೀರ ಮೆಲ್ಲಗೆ, ಯವ್ವಾ, ತಲಿ ಭಾಳ ನೋಯಾಕತ್ತೇತಿ, ಕಣ್ಣ ಮುಂದ ಹುಳಾ ಹಾರಿದಾಂಗ ಆಗತೈತಿ. ಕೈ ಹಿಡಿದಳು ತಾಯಿ, ಉಮರಸಾಬ ಹೇಳಿದ ಎಳೆಯ ಕೈ ಇದಲ್ಲ, ಬಿಗಿದು ಹೊಳೆಯುತ್ತಿದೆ ತೊಗಲು, ಗೆಣ್ಣುಗಳೇ ಕಾಣವು, ಇದು ಉಂಡು ದುಂಡಗಾದ ಕೈಯಲ್ಲ, ಮುಖವೂ ಉಂಡು ತುಂಬಿದ ಮುಖವಲ್ಲ — ತನ್ನ ಅಕ್ಕ ಶೇಖರಮ್ಮ ಎಂಟು ತಿಂಗಳಲ್ಲಿ ಹೀಗೇ ಊದಿಕೊಂಡಿದ್ದಳು, ಹುಳ ಹಾರುತ್ತವೆ ಅಂದಿದ್ದಳು, ಸೆಳವು ಬಂತು, ಸಂಜೆಯೊಳಗೆ ಮುಗಿಯಿತು, ಒಳಗಿದ್ದ ಕೂಸೂ ಹೋಯಿತು, ಅವತ್ತು ಸೂಲಗಿತ್ತಿ ಅಕ್ಕನ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ತುಂಬದ್ದು ನೋಡಿ ಎದ್ದು ಹೊರಗೆ ಹೋಗಿದ್ದಳು. ಒತ್ತಬಾರದು ಅಂದುಕೊಂಡಳು. ಒತ್ತಿದಳು. ಹೆಬ್ಬೆರಳು ತೆಗೆದಳು. ಮಗಳ ಮುಂಗೈಯಲ್ಲಿ ಒಂದು ಗುಳಿ. ಏರ್ಸ್ರಿ ಅಕ್ಕಾರ, ಯಾಕ ನಿಂತ್ರಿ, ಎನ್ನುತ್ತಿದ್ದಾಳೆ ಗುರುಲಿಂಗಮ್ಮ, ಕೊಟ್ರಪ್ಪ ಹಿಂದಿನಿಂದ ಏನೋ ಕೇಳುತ್ತಿದ್ದಾನೆ, ಹೇಳಬೇಕು, ಬಂಡಿ ಕಟ್ರಿ ಅನ್ನಬೇಕು, ದವಾಖಾನಿ ಅನ್ನಬೇಕು, ಗುಳಿ ತುಂಬುತ್ತದೆ, ಈಗ ತುಂಬುತ್ತದೆ, ಇನ್ನೊಂದು ಉಸಿರಿಗೆ ತುಂಬುತ್ತದೆ, ಗುಳಿ, ಹೆಬ್ಬೆರಳಿನಗಲದ ಗುಳಿ, ತುಂಬಲಿಲ್ಲ.